ಹೊಳಿಯಪ್ಪನವರ ಆಣೆ

ಸಿನಿಮಾದವರು ನನ್ನನ್ನೇ ಏಕೆ ಹುಡುಕಿಕೊಂಡು ಬಂದರು ಎಂಬುದು ಮೊದಲ ದಿನ ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ನಾನು ಈಗ ನಂಬುವುದಿಲ್ಲ.

ಗಂಗಾವತಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಕನ್ನಡ ಕಲಿಸುತ್ತೇನೆ. ಅಂದು ಎರಡನೇ ತರಗತಿ ಮುಗಿಸಿ ಬಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು ಕಾಯುತ್ತಿದ್ದರು. ಶಾಂತಕುಮಾರ, ಮೈಸೂರಿನವರು, ನಿರ್ದೇಶಕರು. ಮಾಜಿ ಶಾಸಕ ಹೊಳಿಯಪ್ಪನವರ ಜೀವನದ ಮೇಲೆ ಸಿನಿಮಾ ಮಾಡುತ್ತಿದ್ದರು. ಕೊಪ್ಪಳ, ಇಟಗಿ, ಹೇಮಗುಡ್ಡ ಎಲ್ಲಾ ಕಡೆ ಚಿತ್ರೀಕರಣ ಮುಗಿದಿತ್ತು. ಮಾತು ಸೇರಿಸುವುದು ಬಾಕಿ.

"ನಮ್ಮ ಹೀರೋ ಮಂಡ್ಯದವನು ಮೇಡಂ. ಎಷ್ಟು ಹೇಳಿಕೊಟ್ರೂ ಬಾಯಿಗೆ ಈ ಕಡೆ ಮಾತು ಹತ್ತಲಿಲ್ಲ. ಅದಕ್ಕೇ ಇಲ್ಲಿಯವರ ಹತ್ರ ಡಬ್ಬಿಂಗ್ ಮಾಡಿಸ್ತಿದೀವಿ. ನೀವು ಕೂತು ಮಾತು ತಿದ್ದಿಕೊಡಬೇಕು."

"ನನ್ನ ಹೆಸರು ಯಾರು ಹೇಳಿದರು?"

"ನಿಮ್ಮ ಪ್ರಿನ್ಸಿಪಾಲರು."

ನಾನು ಪ್ರಿನ್ಸಿಪಾಲರನ್ನು ಕೇಳಿದೆ. ಹೌದು ಎಂದರು. ನಿಮಗೆ ಯಾರು ಹೇಳಿದರು ಎಂದೂ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾದರ ಹಿಂದ ಒಬ್ರು ಇರಂಗಿಲ್ಲವ್ವಾ, ಮೆಹಜಬೀನ."

ನಾನು ಒಪ್ಪಿಕೊಂಡದ್ದು ಮಾತು ತಿದ್ದುವ ಆಸೆಯಿಂದಲ್ಲ. ಹೊಳಿಯಪ್ಪನವರ ಬಗ್ಗೆ ಆ ಸಿನಿಮಾ ಏನು ಹೇಳುತ್ತದೆ, ಯಾವುದನ್ನು ಬಿಡುತ್ತದೆ ಎಂದು ನೋಡಬೇಕಿತ್ತು. ನನ್ನ ಗಂಡನನ್ನು ಹೊಡೆದು ಹೋದದ್ದು ಅವರ ಗಾಡಿ ಎಂದು ನಾನು ಹದಿನಾಲ್ಕು ದಿನ ನಂಬಿದ್ದೆ. ಹದಿನೈದನೆಯ ದಿನ ನಂಬುವುದನ್ನು ಬಿಟ್ಟೆ.

ಗಂಡನ ಹೆಸರು ಮಂಜೂರ. ಅಕ್ಕಿ ಗಿರಣಿಗಳ ಮೋಟಾರು ರಿಪೇರಿ ಮಾಡುತ್ತಿದ್ದ. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಕುಷ್ಟಗಿಗೆ ಒಂದು ಎಣ್ಣೆ ಗಿರಣಿಯ ಕೆಲಸಕ್ಕೆ ಹೋಗಿದ್ದ. ಇಳಿಹೊತ್ತಿನಲ್ಲಿ ಬೈಕಿನ ಮೇಲೆ ಮರಳಿ ಬರುವಾಗ ತಾವರಗೇರಾ ಇನ್ನೂ ದೂರವಿರುವಂತೆ ಹಿಂದಿನಿಂದ ಒಂದು ಗಾಡಿ ಹೊಡೆಯಿತು. ನಿಲ್ಲಲಿಲ್ಲ. ದಾರಿ ಪಕ್ಕದಲ್ಲಿ ಚಹಾ ಮಾರುವ ಭೀಮಕ್ಕ ನೋಡಿದ್ದಳು. ಬಿಳಿ ದೊಡ್ಡ ಗಾಡಿ, ಹಿಂದಿನ ಗಾಜಿನ ಮೇಲೆ ಹೊಳಿಯಪ್ಪನವರ ಫೋಟೊ ಎಂದು ನನ್ನ ಮೈದುನ ಮುಜೀಬನಿಗೆ ಹೇಳಿದಳು. ಎರಡು ದಿನ ಬಿಟ್ಟು ಪೊಲೀಸರಿಗೆ, "ಬಿಳಿ ಗಾಡಿರಿ. ಅಷ್ಟ ನೋಡೀನಿ" ಎಂದಳು.

ನಾನು ಇದ್ದತ್ತಿನಲ್ಲಿ ಕೂತಿದ್ದೆ. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಮ್ಮಲ್ಲಿ ಹೆಂಡತಿ ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಪರಗಂಡಸರ ಎದುರಿಗೆ ಬರುವುದಿಲ್ಲ. ಒಳಕೋಣೆಯ ಬಾಗಿಲಿಗೆ ಅತ್ತೆ ಫಾತಿಮಾಬೀ ಹಸಿರು ಹೂವಿನ ಹಳೇ ಚಾದರ ಕಟ್ಟಿದ್ದರು. ಅದರ ಈಚೆ ಕೂತು ನಾನು ಒಂದೇ ಮಾತು ಹೇಳುತ್ತಿದ್ದೆ. ಗಾಡಿ ಹೊಳಿಯಪ್ಪನವರದು, ಪೊಲೀಸರಿಗೆ ಹಾಗೇ ಬರೆಸುತ್ತೇನೆ. ನನ್ನ ಹೇಳಿಕೆ ತೆಗೆದುಕೊಳ್ಳಲು ಮಹಿಳಾ ಪೊಲೀಸ್ ಒಬ್ಬರು ಹದಿನಾರನೆಯ ದಿನ ಮನೆಗೆ ಬರುವವರಿದ್ದರು.

ಹದಿನೈದನೆಯ ದಿನ ಮಧ್ಯಾಹ್ನ ಮಾವ ಹಾಜಿಸಾಬರು ಪರದೆಯ ಆಚೆ ನಿಂತು ಕರೆದರು. ಮನೆಯಲ್ಲಿ ಎಲ್ಲರೂ ದಖನಿ ಉರ್ದು ಆಡುತ್ತಾರೆ. ಮಾವ ಮಾತ್ರ ನನ್ನ ಕೂಡ ಕನ್ನಡದಲ್ಲೇ ಮಾತಾಡುತ್ತಾರೆ. ಎಂ.ಎ. ಓದಿದ ಸೊಸೆ ಎಂಬ ಮರ್ಯಾದೆ.

"ಬೇಟಿ, ಹೊಳಿಯಪ್ಪನವರು ಬಂದಾರ. ನಿನ್ನ ಕೂಡ ಒಂದ ಮಾತು ಹೇಳತಾರಂತ. ನೀ ಹೊರಗ ಬರೂದು ಬ್ಯಾಡ, ಕೇಳಿದ್ರ ಸಾಕು."

ಕುರ್ಚಿ ಎಳೆದ ಸದ್ದು. ಯಾರೋ ಕೂತರು. ಲೋಹ ಮರಕ್ಕೆ ತಾಗಿದಂತೆ ಮೂರು ಸಣ್ಣ ಏಟು. ಆಮೇಲೆ ಆ ಧ್ವನಿ. ವೇದಿಕೆಗಳ ಮೇಲೆ, ಆಟೋಗಳ ಮೈಕಿನಲ್ಲಿ ಹತ್ತು ವರ್ಷ ಕೇಳಿದ ಧ್ವನಿ.

"ತಂಗಿ, ಹೇಮಗುಡ್ಡದ ದುರ್ಗಮ್ಮನ ಆಣಿ. ಅವತ್ತ ನನ್ನ ಗಾಡಿ ಕುಷ್ಟಗಿ ದಾರಿ ತುಳದಿಲ್ಲ. ನಿನ್ನ ಮನಸಿನ್ಯಾಗಿಂದ ಅದನ್ನ ತಗದಬಿಡು."

"ಹೂಂ ಅನ್ನು ಬೇಟಿ" ಎಂದರು ಮಾವ.

ನಾನು ಹೂಂ ಎಂದೆ.

ಬೇರೆ ಊರಿನವರಿಗೆ ಇದು ಆಶ್ಚರ್ಯವಾಗಬಹುದು. ನಮ್ಮ ಕಡೆ ಹೊಳಿಯಪ್ಪನವರ ಆಣೆ ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಹಿಂದೆ ಒಂದು ಚುನಾವಣೆಯಲ್ಲಿ ಎದುರಾಳಿಯ ಮನೆಗೆ ಕಲ್ಲು ಬಿದ್ದಿದ್ದವು. ಕಲ್ಲು ಹಾಕಿಸಿದ್ದು ನೀನಲ್ಲ ಎಂದು ಹೇಮಗುಡ್ಡಕ್ಕೆ ಬಂದು ಆಣೆ ಮಾಡು ಎಂದು ಎದುರಾಳಿ ಸವಾಲು ಹಾಕಿದರು. ಹೊಳಿಯಪ್ಪ ಒದ್ದೆ ಬಟ್ಟೆಯಲ್ಲಿ ಗುಡ್ಡ ಹತ್ತಿದರು. ದೇವಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಜನರ ಕಡೆ ತಿರುಗಿ, "ಈಕಿ ಮುಂದ ಸುಳ್ಳ ಆಣಿ ಮಾಡಂಗಿಲ್ಲ. ಹಾಕಿಸೀನಿ" ಎಂದರು. ಆ ಚುನಾವಣೆ ಸೋತರು. ಮುಂದಿನದು ಗೆದ್ದರು, ಅದರ ಮುಂದಿನದೂ ಗೆದ್ದರು. ತಪ್ಪು ಮಾಡುತ್ತಾನೆ, ಸುಳ್ಳು ಆಣೆ ಮಾಡುವುದಿಲ್ಲ ಎಂದು ಜನ ಓಟು ಹಾಕಿದರು.

ಆ ಹದಿನೈದನೆಯ ದಿನ ಮಾವ ಹೇಳಿದ ಮಾತು ನೆನಪಿದೆ. "ದೇವ್ರು ಅವರದು, ಅಂಜಿಕಿ ಅವರದು. ಅವರ ಅಂಜಿಕಿ ನಮಗ ಸಾಕು ಬೇಟಿ."

ಮರುದಿನ ಮಹಿಳಾ ಪೊಲೀಸರಿಗೆ, ಯಾರ ಮೇಲೂ ನನಗೆ ಸಂಶಯವಿಲ್ಲ ಎಂದೆ. ಅವರು ಬರೆದುಕೊಂಡರು. ಪರದೆ ಸರಿಸಿ ಒಳಗೆ ಬಂದು ಕಾಗದ ಕೊಟ್ಟರು. ಸಹಿ ಮಾಡಿದೆ. ಆರು ತಿಂಗಳಲ್ಲಿ, ಗಾಡಿ ಪತ್ತೆಯಾಗಲಿಲ್ಲ ಎಂದು ಪ್ರಕರಣ ಮುಗಿಯಿತು.

ಡಬ್ಬಿಂಗ್ ನಡೆದದ್ದು ಗಂಗಾವತಿಯಲ್ಲೇ, ಖಲಂದರನ ಸ್ಟುಡಿಯೊದಲ್ಲಿ. ಮೊಬೈಲ್ ಅಂಗಡಿಯ ಮೇಲಿನ ಎರಡು ಕೋಣೆ. ಭಕ್ತಿಗೀತೆ, ಉರುಸಿನ ಕವ್ವಾಲಿ, ಚುನಾವಣೆಯ ಹಾಡು ಎಲ್ಲಾ ಅಲ್ಲೇ ಆಗುತ್ತವೆ. ಒಳಕೋಣೆಯ ಗೋಡೆಗೆ ತತ್ತಿಯ ಟ್ರೇ ಬಡಿದಿದ್ದರು. ನಡುವಿನ ಗಾಜು ಎಂದೋ ಒಡೆದು, ಅಲ್ಲಿ ಹಲಗೆ ಹೊಡೆದು ಕಂಬಳಿ ಇಳಿಬಿಟ್ಟಿದ್ದರು. ಮಾತಾಡುವವನು ಒಳಗೆ. ಖಲಂದರ, ನಿರ್ದೇಶಕರು, ನಾನು ಹೊರಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ.

ಹೊಳಿಯಪ್ಪನವರ ಪಾತ್ರಕ್ಕೆ ಮಾತು ಕೊಡಲು ಯಲಬುರ್ಗಾದಿಂದ ಈಶಪ್ಪ ಬರುತ್ತಿದ್ದ. ಐವತ್ತು ದಾಟಿದ ಮನುಷ್ಯ. ಕಂಪನಿ ನಾಟಕದಲ್ಲಿ ಮೂವತ್ತು ವರ್ಷ ದುರ್ಯೋಧನನಾದವನು. ಸಣಕಲು ದೇಹ, ಎಲೆ ಅಡಿಕೆಯ ಬಾಯಿ. ಆ ದೇಹದಿಂದ ಹೊಳಿಯಪ್ಪನವರ ಧ್ವನಿ ಬಂದಾಗ ಮೊದಲ ದಿನ ಶಾಂತಕುಮಾರರು ಎದ್ದು ನಿಂತುಬಿಟ್ಟರು.

"ನನ್ನ ಮಾರಿ ನೋಡಿ ನಮ್ಮ ಮನಿಯಾಕಿನೂ ಓಟು ಹಾಕಂಗಿಲ್ರಿ ಅಕ್ಕಾರ" ಎಂದು ಈಶಪ್ಪ ಚಹಾದ ಹೊತ್ತಿಗೆ ನನಗೆ ಹೇಳಿದ. "ಧ್ವನಿ ಕೇಳಿ ಮಾತ್ರ ಊರಿಗೂರ ಹಾಕೈತಿ. ಹೋದ ಎಲೆಕ್ಷನ್ನಿನ್ಯಾಗ ಅಣ್ಣಾರಿಗೆ ಗಂಟಲ ಕಟ್ಟಿತ್ತು. ಹಳ್ಳಿ ಹಳ್ಳಿಗೆ ಫೋನ್ ಮಾಡಿ 'ಯಕ್ಕಾ, ನಿನ್ನ ತಮ್ಮ ಹೊಳಿಯಪ್ಪ ಮಾತಾಡೂದು' ಅಂದಾಂವ ನಾನ. ಒಬ್ಬಾಕಿ ಮುದುಕಿ ಫೋನಿನ್ಯಾಗ ಅತ್ತಳ್ರಿ. ನನಗೂ ಅಳು ಬಂತು. ಅಣ್ಣಾರ ಧ್ವನಿಯೊಳಗ ಅತ್ತಬಿಟ್ಯಾ."

ಖಲಂದರ ನಕ್ಕ. "ಅತ್ತದ್ದಕ್ಕ ಬ್ಯಾರೆ ಪಗಾರ ಕೊಟ್ರೇನಲೇ?"

ನಾನೂ ನಕ್ಕೆ ಎಂದು ಕಾಣುತ್ತದೆ.

ಎರಡು ದಿನದಲ್ಲಿ ಸಣ್ಣ ಮಾತುಗಳು ಮುಗಿದವು. ಮೂರನೆಯ ದಿನ ಹೇಮಗುಡ್ಡದ ದೃಶ್ಯ. ಶಾಂತಕುಮಾರರ ಪ್ರಕಾರ ಚಿತ್ರದ ಜೀವವೇ ಅದು. ಒಳಗೆ ಈಶಪ್ಪ ಗಂಟಲು ಸರಿಮಾಡಿಕೊಂಡ. ಹೆಡ್‌ಫೋನಿನಲ್ಲಿ ಲೋಹ ಮರಕ್ಕೆ ತಾಗಿದ ಮೂರು ಸಣ್ಣ ಏಟು ಕೇಳಿದವು. ಆಮೇಲೆ ಮಾತು.

"ಈಕಿ ಮುಂದ ಸುಳ್ಳ ಆಣಿ ಮಾಡಂಗಿಲ್ಲ."

ಖಲಂದರ ನಿಲ್ಲಿಸಿದ. "ಈಶಪ್ಪಣ್ಣ, ಆ ಉಂಗುರ ತಗದಿಡೋ ಮಾರಾಯ. ಕುರ್ಚಿ ಬಡಿಯೂದು ಮೈಕಿನ್ಯಾಗ ಬರಾಕತ್ತೈತಿ."

"ಚಟ ರೀ. ನಮ್ಮ ಮಾಸ್ತರು ಹಚ್ಚಿದ್ದು. ದೊಡ್ಡ ಮಾತಿಗೆ ಮುಂಚೆ ಮೂರ ಏಟು ಬೀಳಬೇಕು. ಇಲ್ಲಂದ್ರ ಹೊಟ್ಟಿಯಾಗ ಕುಂತಬಿಡತೈತಿ, ಹೊರಗ ಬರವಲ್ದು."

ನಾನು ಕಾಗದದ ಮೇಲೆ ಒಂದು ಅಕ್ಷರ ತಿದ್ದಿದೆ. ಏನು ತಿದ್ದಿದೆ ಎಂದು ಈಗ ನೆನಪಿಲ್ಲ. ಮೂರು ಏಟು ಯಾರು ಬೇಕಾದರೂ ಹೊಡೆಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಇನ್ನೂ ನಾಲ್ಕು ಸಲ ಅದನ್ನು ರೆಕಾರ್ಡ್ ಮಾಡಿದರು. ನಾಲ್ಕನೆಯ ಸಲಕ್ಕೆ ನನಗೆ ಹಸಿರು ಹೂವಿನ ಚಾದರ ಕಾಣಿಸಿತು.

ಊಟಕ್ಕೆ ಬಿಟ್ಟಾಗ ಈಶಪ್ಪ ಮೆಟ್ಟಿಲ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚುತ್ತಿದ್ದ. ನಾನು ಎರಡು ಮೆಟ್ಟಿಲು ಮೇಲೆ ಕೂತೆ.

"ಈಶಪ್ಪಣ್ಣ, ಫೋನಿನ್ಯಾಗ ಅಷ್ಟ ಮಾತಾಡೀರೊ, ಯಾರದರೆ ಮನಿಗೂ ಹೋಗೀರೊ?"

"ಮನಿಗೆ ಹೆಂಗ ಹೋಗೂದ್ರಿ? ಮಾರಿ ಕಾಣತೈತೆಲ್ಲ!" ನಕ್ಕ. ಆಮೇಲೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಒಂದ ಸಲ ಹೋಗೀನಿ. ಇದ ಊರಾಗ. ನಿಮ್ಮವರ ಮನಿ. ಗಂಡನ ಕಳಕೊಂಡ ಹೆಣ್ಣಮಗಳು ಒಳಗ ಕುಂತಾಳ, ಅನ್ನ ನೀರು ಬಿಟ್ಟಾಳ, ಅಣ್ಣಾರು ಬೆಂಗಳೂರಿನ್ಯಾಗ ಅದಾರ, ನೀ ಹೋಗಿ ಒಂದು ಸಮಾಧಾನ ಹೇಳಿ ಬಾ ಅಂದ್ರು. ಗಾಡಿ ಕಳಿಸಿದ್ರು. ಆಕಿ ಪರದೆ ಆಚೆ. ನಾಟಕದಾಗ ಹೆಂಗ ಪರದೆ, ಹಂಗ."

"ಏನ ಹೇಳಿದ್ರಿ?"

"ಅವರ ಬರದ ಕೊಟ್ಟಿದ್ರು. ಆಣಿ ಮಾತು. ಅದಕ್ಕೇನ್ರಿ, ನಾ ದಿನಾ ಆಣಿ ಹಾಕಾಂವ, ದಿನಾ ಸಾಯಾಂವ."

"ಆ ಮನಿಯೊಳಗ ನಿಮ್ಮನ್ನ ಯಾರು ನೋಡಿದ್ರು?"

"ಒಬ್ರು ಮುದುಕ್ರು. ಬಿಳೇ ಗಡ್ಡ. ಅವರ ಬಾಗಲ ತಗದ್ರು, ಕುರ್ಚಿ ಹಾಕಿದ್ರು. ನನ್ನ ಮಾರಿ ನೋಡಿ ಏನೂ ಅನಲಿಲ್ಲ. ಹೊಂಟಾಗ 'ನಿನ್ನ ಹೆಸರೇನಪಾ' ಅಂದ್ರು. ಈಶಪ್ಪ ಅಂದ್ಯಾ. 'ನೀರ ಕುಡದ ಹೋಗು ಈಶಪ್ಪ' ಅಂದ್ರು."

ಕೆಳಗೆ ಮೊಬೈಲ್ ಅಂಗಡಿಯವನು ಯಾವುದೋ ಫೋನಿನ ರಿಂಗ್‌ಟೋನ್ ಒಂದಾದ ಮೇಲೊಂದು ಹಾಕಿ ನೋಡುತ್ತಿದ್ದ.

"ಆ ಹೆಣ್ಣಮಗಳು ನಾನು" ಎಂದೆ.

ಈಶಪ್ಪ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಇಟ್ಟ. ಗಂಟು ಕಟ್ಟಿದ. ತನ್ನ ಸ್ವಂತ ಧ್ವನಿಯಲ್ಲಿ, ಅದು ತೀರಾ ಸಣ್ಣ ಧ್ವನಿ, "ನನ್ನ ದನಿ ಅಷ್ಟ ಬಂದಿತ್ರಿ ಅಕ್ಕಾರ. ನಾ ಬಂದಿರಲಿಲ್ಲ" ಎಂದ.

ನಾನು ಎದ್ದು ಒಳಗೆ ಹೋದೆ.

ಹೊಳಿಯಪ್ಪನವರು ನಿಜವಾಗಿ ಬೆಂಗಳೂರಿನಲ್ಲೇ ಇದ್ದಿರಬಹುದು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರಬಹುದು. ಹಾಗೆ ಯೋಚಿಸಲು ಒಂದು ಮಧ್ಯಾಹ್ನವಿಡೀ ಪ್ರಯತ್ನಿಸಿದೆ. ಶಾಂತಕುಮಾರರ ಲ್ಯಾಪ್‌ಟಾಪಿನಲ್ಲಿ ಹೊಳಿಯಪ್ಪನವರ ಹತ್ತು ವರ್ಷದ ಫೋಟೊಗಳಿದ್ದವು. ಚಿತ್ರದ ಕೊನೆಯಲ್ಲಿ ತೋರಿಸಲು ಅವರ ಕಚೇರಿಯವರೇ ತಾರೀಖಿನ ಪ್ರಕಾರ ಜೋಡಿಸಿ ಕೊಟ್ಟದ್ದು. ಉಡುಪು ಹೇಗಿತ್ತು ನೋಡುತ್ತೇನೆ ಎಂದು ಕೇಳಿದೆ. ನಿರ್ದೇಶಕರು ಸಂತೋಷದಿಂದ ಕೊಟ್ಟರು.

ಈಶಪ್ಪ ನಮ್ಮ ಮನೆಗೆ ಬಂದ ಆ ಹದಿನೈದನೆಯ ದಿನದ ಫೋಟೊ ಇತ್ತು. ಹೊಳಿಯಪ್ಪ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸುತ್ತಿದ್ದರು. ಗಂಗಾವತಿಯ ಒಂದು ಬಟ್ಟೆ ಅಂಗಡಿ. ನಮ್ಮ ಓಣಿಯಿಂದ ನಡೆದರೆ ಹತ್ತು ನಿಮಿಷ.

ಅಷ್ಟು ಹತ್ತಿರ ಇದ್ದವರು ನಮ್ಮ ಮನೆಗೆ ಏಕೆ ಬರಲಿಲ್ಲ? ಉತ್ತರವನ್ನು ಅವರದೇ ಸಿನಿಮಾ ದಿನವಿಡೀ ನನ್ನ ಕಿವಿಯಲ್ಲಿ ಹೇಳುತ್ತಿತ್ತು. ಈ ಮನುಷ್ಯ ಚುನಾವಣೆ ಸೋಲುತ್ತಾನೆ, ಸುಳ್ಳು ಆಣೆ ಮಾಡುವುದಿಲ್ಲ. ಆಣೆ ನಿಜವಾಗಿದ್ದರೆ ತಾನೇ ಬರುತ್ತಿದ್ದ.

ಆದರೆ ಇದು ನನ್ನ ತರ್ಕ ಮಾತ್ರ. ತರ್ಕವನ್ನೂ ನಾನು ಪೂರಾ ನಂಬುವುದಿಲ್ಲ. ಮತ್ತೆ ಮಾವ ಇದ್ದರು. ಎರಡು ದಿನ ಅವರ ಎದುರಿಗೆ ಕೂತು ಅನ್ನ ಉಂಡೆ, ಕೇಳಲಿಲ್ಲ. "ಬಾಡೀಯಲ್ಲ ಬೇಟಿ, ಕೆಲಸ ಭಾಳ ಐತೇನು" ಎಂದು ಅವರು ಮೋಸಂಬಿ ಸುಲಿದು ನನ್ನ ತಟ್ಟೆಯ ಅಂಚಿಗೆ ಇಟ್ಟರು. ಆ ಮೋಸಂಬಿಯನ್ನೂ ಅನುಮಾನದಿಂದ ನೋಡಿದೆ. ಈ ಎರಡು ವರ್ಷದ ಪ್ರೀತಿಯಲ್ಲಿ ಎಷ್ಟು ಪ್ರೀತಿ, ಎಷ್ಟು ಹೆದರಿಕೆ ಎಂದು ಲೆಕ್ಕ ಸಿಗಲಿಲ್ಲ.

ಶುಕ್ರವಾರ ಹೊಳಿಯಪ್ಪನವರು ತಮ್ಮ ಸಿನಿಮಾದ ಮಾತು ಕೇಳಲು ಸ್ಟುಡಿಯೊಗೆ ಬರುವವರಿದ್ದರು. ನಾನು ಕಾಲೇಜಿಗೆ ರಜೆ ಹಾಕಿದೆ. ಒಂದು ಹಾಳೆಯ ಮೇಲೆ ಒಂದು ಸಾಲು ಬರೆದು ಚಿತ್ರದ ಹಾಳೆಗಳ ಕೆಳಗೆ ಇಟ್ಟುಕೊಂಡೆ.

ಹನ್ನೊಂದು ಗಂಟೆಗೆ ಬಂದರು. ಬಿಳಿ ಅಂಗಿ, ಹಣೆಯ ಮೇಲೆ ಕುಂಕುಮ. ಹಿಂದೆ ಅವರ ಆಪ್ತ ಸಹಾಯಕ, ಇನ್ನಿಬ್ಬರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಈಶಪ್ಪನ ಬೆನ್ನಿಗೆ ಹೊಡೆದರು.

"ಏನೋ ಡುಪ್ಲಿಕೇಟ್! ನಾ ಸತ್ತರೂ ಪಕ್ಷದವರು ನಿನ್ನ ಇಟಗೊಂಡು ನಡಸತಾರ ನೋಡು."

ಎಲ್ಲರೂ ನಕ್ಕರು. ಈಶಪ್ಪ ನಗಲಿಲ್ಲ. ನನ್ನನ್ನೂ ನೋಡಲಿಲ್ಲ.

"ಈಕಿ ಯಾರು?"

"ಭಾಷೆ ತಿದ್ದೋ ಮೇಡಂ ಸರ್, ಕಾಲೇಜಿನವರು" ಎಂದರು ಶಾಂತಕುಮಾರ.

"ಹೌದೇನವಾ? ನನ್ನ ಮಾತು ನನಗ ತಿದ್ದಾಕ ಬಂದೀ?" ಮುಖ ಅರಳಿಸಿದರು. "ನಿನ್ನ ಎಲ್ಲೋ ನೋಡೀನಿ ನೋಡು."

ಅವರು ನನ್ನನ್ನು ಎಲ್ಲೂ ನೋಡಿರಲಿಲ್ಲ.

"ಎಲ್ಲಾ ಸರಿ ಬಂದೈತ್ರಿ ಸಾಹೇಬ್ರ" ಎಂದೆ. "ಆಣಿ ಮಾತೊಂದು ಈಶಪ್ಪಣ್ಣನ ಬಾಯಾಗ ಸರಿ ಕುಂದ್ರವಲ್ದು. ನೀವ ಒಮ್ಮೆ ಹೇಳಿ ತೋರಿಸಿದ್ರ ಛಲೋ."

ಶಾಂತಕುಮಾರರಿಗೆ ಹಬ್ಬವಾಯಿತು. "ಒರಿಜಿನಲ್ ಧ್ವನಿ! ಸರ್, ದಯವಿಟ್ಟು!"

ಹೊಳಿಯಪ್ಪ ಒಳಗೆ ಹೋಗಿ ಮೈಕಿನ ಮುಂದೆ ಕೂತರು. ಸೆಕೆ ಎಂದು ಬಾಗಿಲು ತೆರೆದೇ ಇಡಿಸಿದರು. ಹೀಗಾಗಿ ನನಗೆ ಕಾಣುತ್ತಿತ್ತು. ಚಿತ್ರದ ಹಾಳೆ ಕೊಟ್ಟೆ. ಕಾಲುವೆಯ ಕಟ್ಟಕಡೆಯ ರೈತರಿಗೆ ಅವರು ಮಾತು ಕೊಡುವ ದೃಶ್ಯ. ಅವರು ಚಪ್ಪಲಿ ಬಿಟ್ಟರು. ಕಣ್ಣು ಮುಚ್ಚಿದರು. ಕೈ ಜೋಡಿಸಿದರು. ಕುರ್ಚಿಯ ಮೇಲೆ ಯಾವ ಏಟೂ ಬೀಳಲಿಲ್ಲ.

"ಹೇಮಗುಡ್ಡದ ದುರ್ಗಮ್ಮನ ಆಣಿ. ಕಡೀ ಹೊಲಕ್ಕ ನೀರ ಮುಟ್ಟೋತನಕ ನಾ ಮನಿ ಮುಟ್ಟಂಗಿಲ್ಲ."

ಹೊರಗೆ ಚಪ್ಪಾಳೆ ಬಿತ್ತು. ನಾನು ಎರಡನೆಯ ಹಾಳೆ ಕೊಟ್ಟೆ.

"ಇದೊಂದು ಸಾಲು ಐತ್ರಿ."

ಅವರು ಕಣ್ಣು ಕಿರಿದು ಮಾಡಿ ಓದಿದರು. ದುರ್ಗಮ್ಮನ ಹೆಸರಿನ ತನಕ ತುಟಿ ಆಡಿತು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡರು. ಇನ್ನೊಮ್ಮೆ ಓದಿಕೊಂಡರು.

"ಇದು ಯಾವ ಸೀನು?"

ಶಾಂತಕುಮಾರ ಬಗ್ಗಿ ನೋಡಿದರು. "ಕುಷ್ಟಗಿ ದಾರಿ... ಇದು ನಮ್ಮ ಸ್ಕ್ರಿಪ್ಟಲ್ಲಿ ಇಲ್ವಲ್ಲ ಮೇಡಂ?"

"ಚಿತ್ರದಾಗ ಇಲ್ರಿ. ನಮ್ಮ ಮನಿಯೊಳಗ ಆಗಿದ್ದು. ನಾನು ಮಂಜೂರನ ಹೆಂಡತಿ."

"ಯಾವ ಮಂಜೂರ?"

ಆಪ್ತ ಸಹಾಯಕ ಒಳಗೆ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಹೊಳಿಯಪ್ಪನವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಹಾಳೆಯನ್ನು ಎರಡಾಗಿ ಮಡಿಚಿದರು, ಮತ್ತೆ ನಾಲ್ಕಾಗಿ.

"ನಮ್ಮ ಮನಿಗೆ ಬಂದು ಒಮ್ಮೆ ಹೇಳಿದ್ದ ಮಾತು ಸಾಹೇಬ್ರ. ಎರಡನೇ ಸಲ ಹೇಳಾಕ ಏನು ಭಾರ?"

ಖಲಂದರ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಕೆಂಪು ದೀಪ ಉರಿಯುತ್ತಿತ್ತು. ಹೊಳಿಯಪ್ಪ ಅದನ್ನು ನೋಡಿದರು.

"ಗಂಟಲ ಹಿಡದೈತಿ ತಂಗಿ" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಅದನ್ನ ಈಶಪ್ಪನ ಕಡೆ ಹೇಳಸ್ರಿ."

ಮೆಟ್ಟಿಲು ಇಳಿದು ಹೋದರು. ಹಾಳೆ ಅವರ ಜೇಬಿನಲ್ಲೇ ಹೋಯಿತು. ಆಪ್ತ ಸಹಾಯಕ ಖಲಂದರನ ಹತ್ತಿರ ನಿಂತು, ಕೊನೆಯದನ್ನು ಅಳಿಸಿಹಾಕು ಎಂದ. ಖಲಂದರ ಅಳಿಸಿದ, ಅಥವಾ ಅಳಿಸಿದಂತೆ ಮಾಡಿದ. ನನಗೆ ತಿಳಿಯಲಿಲ್ಲ.

"ಮೇಡಂ" ಎಂದರು ಶಾಂತಕುಮಾರ, ನೆಲ ನೋಡುತ್ತಾ. "ನಾಳೆಯಿಂದ ನೀವು ಬರದಿದ್ರೂ ನಡೆಯುತ್ತೆ."

ಮಾವ ಮನೆಯ ಮುಂದಿನ ಕೋಣೆಯಲ್ಲಿ ಗಾದಿ ಹೊಲಿಯುತ್ತಿದ್ದರು. ಅದು ಅವರ ಕಸುಬು. ಹಿಂಜಿದ ಹತ್ತಿಯ ಎಳೆ ಗಡ್ಡಕ್ಕೆ ಅಂಟಿತ್ತು. ಉದ್ದ ಸೂಜಿ ಗಾದಿಯೊಳಗೆ ಇಳಿದು ಮೇಲೆ ಬರುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ.

"ಅಬ್ಬಾಜಾನ್, ಅವತ್ತ ಈಶಪ್ಪ ನೀರ ಕುಡದ ಹೋದನೇನು?"

ಸೂಜಿ ಗಾದಿಯೊಳಗೆ ಇಳಿಯಿತು. ಮೇಲೆ ಬರಲಿಲ್ಲ. ಅಡುಗೆ ಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದೂ ನಿಂತಿತು.

"ಕುಡದ" ಎಂದರು ಮಾವ.

"ಮೊದಲ ಗೊತ್ತಿತ್ತೇನು?"

"ಬಾಗಲ ತಗದಾಗ ಗೊತ್ತಾತು. ಹೊಳಿಯಪ್ಪ ಬರತಾನ ಅಂತ ಹೇಳಿ ಕಳಿಸಿದ್ರು. ಗಾಡಿಯಿಂದ ಇಳದಾಂವ ಇಂವ."

"ಹೊರಗ ಹಾಕಬಹುದಿತ್ತು."

"ಹಾಕಬಹುದಿತ್ತು." ಅವರು ತಲೆ ಎತ್ತಲಿಲ್ಲ. "ಮುಜೀಬ ಆವಾಗ ಹೊಳಿಯಪ್ಪನ ಮಿಲ್ಲಿನ ಲಾರಿ ಹೊಡಿತಿದ್ದ. ದಿನಾ ಅದ ದಾರಿ. ಒಬ್ಬಾಂವ ಹೋದ ದಾರಿ. ಮತ್ತ ನೀನು. ಹದಿನೈದು ದಿನ ಗಾಡಿ ಗಾಡಿ ಅಂತ ಒಂದ ಮಾತು ಬಿಟ್ರ ಬ್ಯಾರೆ ಇಲ್ಲ. ತುತ್ತು ಬಾಯಿಗೆ ಇಟ್ಟಿದ್ದಿಲ್ಲ. ಅವತ್ತ ಸಂಜಿಕ ಉಂಡಿ. ನಾ ಇಲ್ಲೇ ಕುಂತು ಕೇಳಿದ್ಯಾ, ತಟ್ಟಿ ಸದ್ದು."

ನಿಜ. ಅಂದು ನಾನು ಉಂಡಿದ್ದೆ. ಬಿಸಿ ಅನ್ನ, ಬೇಳೆ. ಎರಡನೇ ಸಲ ಹಾಕಿಸಿಕೊಂಡಿದ್ದೆ.

"ಆಣಿ ಅವನದಲ್ಲ ಅಂತ ನಿಮಗ ಗೊತ್ತಾತಂದ್ರ, ಗಾಡಿ ಅವನದ ಅಂತನೂ ಗೊತ್ತಾತು."

ಮಾವ ಸೂಜಿಯನ್ನು ಹುಡುಕಿ ಮೇಲೆ ಎಳೆದರು. ದಾರ ಗಂಟಾಗಿತ್ತು. ಬಿಡಿಸಲು ಹೋದರು, ಬರಲಿಲ್ಲ.

"ಎರಡ ವರ್ಷ" ಎಂದರು. "ಐದ ಹೊತ್ತಿನ ನಮಾಜಿನ್ಯಾಗೂ ಅವನ ಹೆಸರು ಬಾಯಿಗೆ ಬಂದ್ರ ನಾಲಿಗಿ ನಿಲ್ಲತೈತಿ ಬೇಟಿ. ನನ್ನ ಮಗನ ಹೆಸರು."

"ನಾಳೆ ನನ್ನ ಕೂಡ ಠಾಣೆಗೆ ಬರ್ರಿ. ಇದನ್ನ ಅಲ್ಲಿ ಹೇಳ್ರಿ."

ಅವರು ಅಡುಗೆ ಮನೆಯ ಕಡೆ ನೋಡಿದರು.

"ಮುಜೀಬನ ನಿಕಾಹ್ ಮುಂದಿನ ತಿಂಗಳ ಐತಿ" ಎಂದರು.

ಬೆಳಿಗ್ಗೆ ನಾನು ಒಬ್ಬಳೇ ಕುಷ್ಟಗಿ ಬಸ್ಸು ಹತ್ತಿದೆ. ಈಶಪ್ಪನಿಗೆ ಎರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್ ಆಗಿತ್ತು. ಭೀಮಕ್ಕನ ಚಹಾದ ಅಂಗಡಿ ಕಿಟಕಿಯಲ್ಲಿ ಬಂದು ಹೋಯಿತು. ಅವಳು ಒಲೆ ಊದುತ್ತಿದ್ದಳು.

ಠಾಣೆಯಲ್ಲಿ ಬರೆದುಕೊಳ್ಳುವ ಪೇದೆ ನಡುವಯಸ್ಸಿನವರು. ಹಳೆಯ ಕಡತ ತರಿಸಿ, ನನ್ನ ಸಹಿ ನೋಡಿ, ನನ್ನನ್ನು ನೋಡಿದರು.

"ಇದು ಮುಗದದ್ರಿ ಮೇಡಂ. ಯಾರ ಮ್ಯಾಲೂ ಸಂಶಯ ಇಲ್ಲ ಅಂತ ನೀವ ಬರಸೀರಿ."

"ಆ ಹೇಳಿಕಿ ನನ್ನ ಕಡಿಂದ ಹೆಂಗ ತಗೊಂಡ್ರು ಅನ್ನೂದು ಬರಸಾಕ ಬಂದೀನ್ರಿ."

ಎಲ್ಲಾ ಹೇಳಿದೆ. ಅವರು ನಡುವೆ ಒಮ್ಮೆ ಪೆನ್ನು ಕೆಳಗಿಟ್ಟು, ಚಹಾ ತರಿಸಲೇ ಎಂದು ಕೇಳಿದರು. ಬೇಡ ಎಂದೆ.

"ನೋಡ್ರಿ, ಅವರು ಆಣಿ ಮಾಡಲಿಲ್ಲ ಅನ್ನೂದು ಸಾಕ್ಷಿ ಆಗಂಗಿಲ್ಲ. ನಿಮಗೂ ಗೊತ್ತೈತಿ."

"ಗೊತ್ತೈತ್ರಿ. ಅವರ ಧ್ವನಿಯೊಳಗ ಬ್ಯಾರೆಯವರನ್ನ ಕಳಿಸಿ ನನ್ನ ಬಾಯಿ ಮುಚ್ಚಿಸಿದ್ದು ಸಾಕ್ಷಿ."

"ಅದನ್ನ ಯಾರ ಹೇಳತಾರ?"

"ಈಶಪ್ಪ, ಯಲಬುರ್ಗಾ. ನಾಟಕದಾಂವ."

ಬರೆದುಕೊಂಡರು. "ಆ ಹೊತ್ತಿನ್ಯಾಗ ಅವನ ಮಾರಿ ನೋಡಿದವರು?"

"ಹಾಜಿಸಾಬ. ನನ್ನ ಮಾವ."

ಪೆನ್ನು ನಿಂತಿತು. ಅವರ ಮುಂದಿನ ಹಾಳೆಯಲ್ಲಿ ಎರಡು ಜಾಗವಿದ್ದವು. ಆರೋಪಿಗಳ ಹೆಸರಿಗೆ ಮೇಲೆ, ಸಾಕ್ಷಿಗಳ ಹೆಸರಿಗೆ ಕೆಳಗೆ.

"ಇವರನ್ನ ಎಲ್ಲಿ ಬರೀಲಿ ಮೇಡಂ? ಗೊತ್ತಿದ್ದೂ ಮುಚ್ಚಿಟ್ಟಾರಂತ ನೀವ ಹೇಳೀರಿ."

ಹೊರಗೆ ಯಾರೋ ತಪ್ಪಿಸಿಕೊಂಡ ಎಮ್ಮೆಯ ವಿಷಯಕ್ಕೆ ಜಗಳವಾಡುತ್ತಿದ್ದರು. ನಾನು ಅದನ್ನು ಸ್ವಲ್ಪ ಹೊತ್ತು ಕೇಳಿದೆ. ಎಮ್ಮೆಯ ಕೋಡು ಹೇಗಿತ್ತು ಎಂಬುದು ಅವರ ವಾದ.

"ಸಾಕ್ಷಿ ಅಂತ ಬರಕೋರಿ."

"ಬಂದು ಹೇಳತಾರೇನ್ರಿ?"

"ಗೊತ್ತಿಲ್ರಿ."

ಅವರು ಹಾಳೆಯನ್ನು ಸರಿಮಾಡಿಕೊಂಡರು.

"ಅವರ ತಂದಿ ಹೆಸರು?"

"ನೂರಸಾಬ."

"ವಯಸ್ಸು?"

"ಅರವತ್ತೊಂಬತ್ತು" ಎಂದೆ.